ಹತ್ತು ಜನರ ನಡುವೆ ಒಂದು ಎಲ್‌ಎಂಜಿ: ಅದರ ನಿಜವಾದ ಕೆಲಸ ಏನು?

ಯುದ್ಧದ ಸುದ್ದಿ ಜಾಸ್ತಿಯಾದಾಗಲೆಲ್ಲ ಕೆಲವು ಪದಗಳು ನಮ್ಮ ಮಾತಿನೊಳಗೆ ತಾವಾಗಿಯೇ ಬಂದು ಕೂರುತ್ತವೆ. ಎಲ್‌ಎಂಜಿ ಅಂಥದ್ದೊಂದು. ಲೈಟ್ ಮಷಿನ್ ಗನ್ ಅನ್ನುವುದರ ಗಿಡ್ಡ ರೂಪ ಅಂತ ಬಹಳ ಜನರಿಗೆ ಗೊತ್ತಿರುತ್ತದೆ. ಅದರಾಚೆ ಕೇಳಿದರೆ ಕಣ್ಣ ಮುಂದೆ ಬರುವುದು ಸಿನಿಮಾವೇ. ನಾಯಕ ಗನ್ನನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಾನೆ, ಎಡಕ್ಕೂ ಬಲಕ್ಕೂ ಬೀಸಿ ಹೊಡೆಯುತ್ತಿದ್ದಾನೆ, ಎದುರಿನವರು ಸಾಲಾಗಿ ಉರುಳುತ್ತಿದ್ದಾರೆ.

ನಿಜವಾದ ಎಲ್‌ಎಂಜಿ ಗನ್ನರ್ ನೆಲಕ್ಕೆ ಅಂಟಿಕೊಂಡು ಮಲಗಿರುತ್ತಾನೆ. ಮೂರೋ ಐದೋ ಗುಂಡು ಹೊಡೆದು ನಿಲ್ಲಿಸುತ್ತಾನೆ. ಒಂದೆರಡು ಉಸಿರಾದ ಮೇಲೆ ಮತ್ತೆ ಮೂರೋ ಐದೋ. ಎಷ್ಟೋ ಸಲ ಅವನಿಗೆ ಎದುರಿನಲ್ಲಿ ಒಬ್ಬ ಮನುಷ್ಯನೂ ಕಾಣುತ್ತಿರುವುದಿಲ್ಲ. ಒಂದು ಬೇಲಿ, ಒಂದು ಕಿಟಕಿ, ಒಂದು ಮಣ್ಣಿನ ದಿಬ್ಬ, ಅಷ್ಟೇ.

ಯಾರೂ ಕಾಣದ ಕಡೆಗೆ ಯಾಕೆ ಗುಂಡು ಹೊಡೆಯಬೇಕು? ಈ ಆಯುಧದ ತೂಕ, ಆಕಾರ, ಅದರ ಜೊತೆ ಓಡುವ ಜನ, ಎಲ್ಲವೂ ಈ ಪ್ರಶ್ನೆಗೇ ಬಂದು ಸೇರುತ್ತವೆ.

## ಮೊದಲು ಆ ಹತ್ತು ಜನ

ಕಾಲಾಳು ಪಡೆ ಅಂದರೆ ಕಾಲ್ನಡಿಗೆಯಲ್ಲಿ ಹೋರಾಡುವ ಸೈನಿಕರು. ಈಗ ಅವರು ವಾಹನದಲ್ಲಿ ಬಂದರೂ ಕೊನೆಗೆ ಇಳಿದು ನಡೆಯಲೇಬೇಕು. ದೊಡ್ಡ ಪಡೆಯನ್ನು ಒಡೆಯುತ್ತ ಹೋದರೆ ಬೆಟಾಲಿಯನ್, ಕಂಪನಿ, ಪ್ಲಟೂನ್ ದಾಟಿ ಕೊನೆಗೆ ಒಂದು ಚಿಕ್ಕ ಗುಂಪು ಸಿಗುತ್ತದೆ. ಬ್ರಿಟಿಷ್ ಪದ್ಧತಿಯ ಸೇನೆಗಳು ಅದನ್ನು ಸೆಕ್ಷನ್ ಅನ್ನುತ್ತವೆ, ಅಮೆರಿಕದವರು ಸ್ಕ್ವಾಡ್ ಅನ್ನುತ್ತಾರೆ. ಅಮೆರಿಕದ ಭೂಸೇನೆಯ ಸ್ಕ್ವಾಡ್‌ನಲ್ಲಿ 9 ಜನ. ಎರಡನೇ ಮಹಾಯುದ್ಧದ ಬ್ರಿಟಿಷ್ ಸೆಕ್ಷನ್‌ನಲ್ಲಿ 10 ಜನ. ನಾಯಕ ಕೂಗಿದ್ದು ಎಲ್ಲರಿಗೂ ಕೇಳಬೇಕು, ಕೈ ಬೀಸಿದ್ದು ಎಲ್ಲರಿಗೂ ಕಾಣಬೇಕು. ಗುಂಪು ಇದಕ್ಕಿಂತ ಬಹಳ ದೊಡ್ಡದಾದರೆ ಅದು ಆಗದ ಮಾತು.

ಈಗ ಈ ಹತ್ತು ಜನರ ಮುಂದೆ 200 ಮೀಟರ್ ಬಯಲಿದೆ ಅಂದುಕೊಳ್ಳಿ. ಆಚೆ ತುದಿಯಲ್ಲಿ ಗುಂಡಿ ತೋಡಿಕೊಂಡು ನಾಲ್ಕು ಜನ ಕೂತಿದ್ದಾರೆ. ಬಯಲು ದಾಟಬೇಕು. ಮೈಮೇಲೆ ಹೊರೆ ಹೊತ್ತು ಓಡಿದರೆ ಮುಕ್ಕಾಲು ನಿಮಿಷ ಬೇಕೇ ಬೇಕು. ಅಷ್ಟು ಹೊತ್ತಿನಲ್ಲಿ ಆ ನಾಲ್ವರು ನಿಧಾನವಾಗಿ, ನೋಡಿ ನೋಡಿ ಗುರಿ ಇಡಬಹುದು. ಹತ್ತು ಜನರೂ ಒಟ್ಟಿಗೆ ಓಡಿದರೆ ಎಷ್ಟು ಜನ ತಲುಪುತ್ತಾರೆ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಅದಕ್ಕೇ ಗುಂಪು ಎರಡಾಗುತ್ತದೆ. ಒಂದು ಭಾಗ ಮಲಗಿ ಗುಂಡು ಹಾರಿಸುತ್ತದೆ, ಇನ್ನೊಂದು ಓಡುತ್ತದೆ. ಓಡಿದವರು ಮಲಗಿ ಹೊಡೆಯಲು ಶುರು ಮಾಡಿದಾಗ ಮೊದಲಿನವರು ಎದ್ದು ಓಡುತ್ತಾರೆ. ಒಬ್ಬೊಬ್ಬ ಎದ್ದು ಓಡುವುದು ಮೂರರಿಂದ ಐದು ಸೆಕೆಂಡ್ ಮಾತ್ರ. ಎದುರಿನವನು ನೋಡಿ, ಬಂದೂಕು ತಿರುಗಿಸಿ, ಗುರಿ ಹಿಡಿಯುವಷ್ಟರಲ್ಲಿ ಇವನು ಮತ್ತೆ ನೆಲ ಹಿಡಿದಿರುತ್ತಾನೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಫೈರ್ ಅಂಡ್ ಮೂವ್‌ಮೆಂಟ್ ಅನ್ನುತ್ತಾರೆ. ಕಾಲಾಳು ಸೈನಿಕನ ತರಬೇತಿಯಲ್ಲಿ ಹೆಚ್ಚಿನ ಬೆವರು ಸುರಿಯುವುದು ಇದಕ್ಕೇ.

ಮಲಗಿ ಹೊಡೆಯುವ ಭಾಗದ ಬೆನ್ನೆಲುಬು ಎಲ್‌ಎಂಜಿ.

## ತಲೆ ಎತ್ತದಂತೆ ಮಾಡುವುದು

ಜೋರು ಆಲಿಕಲ್ಲು ಮಳೆ ಬೀಳುತ್ತಿದೆ. ಬಾಗಿಲಿನಿಂದ ತಲೆ ಹೊರಗೆ ಹಾಕಲು ಮನಸ್ಸಾಗುತ್ತದೆಯೇ? ಇಲ್ಲ. ಪ್ರತಿ ಕಲ್ಲೂ ನಮ್ಮ ತಲೆಗೇ ಬೀಳುವುದಿಲ್ಲ ಅಂತ ಗೊತ್ತು. ಆದರೂ ಹಾಕುವುದಿಲ್ಲ. ಎಲ್‌ಎಂಜಿ ಮಾಡುವುದು ಇದನ್ನೇ. ಗುಂಡಿಯಲ್ಲಿ ಕೂತವನಿಗೆ ಗುಂಡು ತಗುಲಿದರೆ ಸರಿ, ತಗುಲದಿದ್ದರೂ ಕೆಲಸ ಆಗುತ್ತದೆ. ಅವನು ತಲೆ ಎತ್ತಿ ನೋಡಬಾರದು, ನೋಡಿದರೂ ನೆಟ್ಟಗೆ ಗುರಿ ಇಡಬಾರದು. ಆ ಹೊತ್ತಿನಲ್ಲಿ ಇತ್ತ ಕಡೆಯವರು ಹತ್ತು ಹೆಜ್ಜೆ ಮುಂದೆ ಬಂದಿರುತ್ತಾರೆ. ಸೇನೆಯ ಭಾಷೆಯಲ್ಲಿ ಇದು ಸಪ್ರೆಷನ್. ನಾವು ಅದುಮಿಡುವುದು ಅನ್ನಬಹುದು.

ಇದರಲ್ಲಿ ಶಬ್ದದ ಪಾತ್ರವೂ ಇದೆ. ಈ ಗುಂಡುಗಳು ಗನ್ನಿನ ನಳಿಗೆಯಿಂದ, ಅಂದರೆ ಬ್ಯಾರಲ್‌ನಿಂದ ಹೊರಡುವಾಗ ಸೆಕೆಂಡಿಗೆ 800ರಿಂದ 900 ಮೀಟರ್ ವೇಗದಲ್ಲಿರುತ್ತವೆ. ಶಬ್ದದ ವೇಗ ಸುಮಾರು 340 ಮೀಟರ್. ಹಾಗಾಗಿ ಗುಂಡು ಪಕ್ಕದಲ್ಲಿ ಹಾದುಹೋಗುವಾಗ ಚಾವಟಿ ಬೀಸಿದಂತೆ 'ಚಟ್' ಅನ್ನುವ ಸದ್ದು ಮೊದಲು ಕೇಳುತ್ತದೆ. ಗನ್ ಹಾರಿದ 'ಧಬ್' ಆಮೇಲೆ ಬರುತ್ತದೆ. ಆ 'ಚಟ್' ಕಿವಿಯ ಹತ್ತಿರ ನಾಲ್ಕು ಸಲ ಆದರೆ ಎಂಥವನ ಕುತ್ತಿಗೆಯೂ ತಾನಾಗಿ ಒಳಗೆ ಹೋಗುತ್ತದೆ. ಅದು ಧೈರ್ಯದ ಪ್ರಶ್ನೆಯಲ್ಲ, ಮೈ ತಾನೇ ಕಾಯ್ದುಕೊಳ್ಳುತ್ತದೆ.

ಆದರೆ ಸುಮ್ನೆ ಸದ್ದು ಮಾಡಿದರೆ ಸಾಲದು. ಗುಂಡುಗಳು ಹತ್ತಿರ ಬೀಳಬೇಕು, ಮತ್ತೆ ನಡುವೆ ದೊಡ್ಡ ಬಿಡುವು ಇರಬಾರದು. ಬಿಡುವು ಸಿಕ್ಕಿತೋ, ಎದುರಿನವನು ತಲೆ ಎತ್ತಿದ. ಹೀಗಾಗಿ ಎರಡು ಗನ್ ಇರುವ ಕಡೆ ಒಂದು ನಿಲ್ಲಿಸಿದಾಗ ಇನ್ನೊಂದು ಹೊಡೆಯುವಂತೆ ಹೊಂದಿಸಿಕೊಳ್ಳುತ್ತಾರೆ. ದೂರದಿಂದ ಕೇಳಿದರೆ ಇಬ್ಬರು ಒಬ್ಬರಾದ ಮೇಲೊಬ್ಬರು ಮಾತಾಡಿದಂತಿರುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ 'ಮಾತಾಡುವ ಗನ್‌ಗಳು' ಅನ್ನುವ ಅರ್ಥದ ಹೆಸರೇ ಇದೆ.

ಗನ್ ಎಲ್ಲಿ ಇಡಬೇಕು ಅನ್ನುವುದು ಇನ್ನೂ ಸ್ವಾರಸ್ಯದ ವಿಷಯ. ಒಂದು ಟಾರ್ಚ್ ತೆಗೆದುಕೊಂಡು ನೆಲದ ಮೇಲೆ ಓರೆಯಾಗಿ ಬೆಳಕು ಬಿಡಿ. ಬೆಳಕು ದುಂಡಗೆ ಬೀಳುವುದಿಲ್ಲ. ನಿಮ್ಮಿಂದ ಆಚೆಗೆ ಚಾಚಿಕೊಂಡ ಉದ್ದನೆಯ ಮೊಟ್ಟೆಯಾಕಾರದಲ್ಲಿ ಬೀಳುತ್ತದೆ. ಮಷಿನ್ ಗನ್ನಿನ ಗುಂಡುಗಳೂ ಹಾಗೆಯೇ. ಗನ್ ನಡುಗುವುದರಿಂದ ಪ್ರತಿ ಗುಂಡೂ ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ. ಎಲ್ಲ ಸೇರಿ ನೆಲಕ್ಕೆ ಬೀಳುವಾಗ ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಒಂದು ಪಟ್ಟಿಯಾಗುತ್ತದೆ.

ಈಗ ಎದುರಿನವರು ನಿಮಗೆ ಅಡ್ಡಲಾಗಿ ಸಾಲು ನಿಂತಿದ್ದಾರೆ ಅನ್ನಿ. ನೇರ ಎದುರಿನಿಂದ ಹೊಡೆದರೆ ಆ ಉದ್ದ ಪಟ್ಟಿ ಒಬ್ಬಿಬ್ಬರ ಮೇಲೆ ಮಾತ್ರ ಬಿದ್ದು, ಉಳಿದದ್ದು ಅವರ ಹಿಂದೆ ಮುಂದೆ ವ್ಯರ್ಥವಾಗುತ್ತದೆ. ಪಕ್ಕದಿಂದ ಹೊಡೆದರೆ? ಇಡೀ ಪಟ್ಟಿ ಇಡೀ ಸಾಲಿನ ಮೇಲೆ ಮಲಗುತ್ತದೆ. ಗನ್ ಅದೇ, ಗುಂಡು ಅಷ್ಟೇ, ಪರಿಣಾಮ ಹಲವು ಪಟ್ಟು. ಸೈನಿಕರು ರಕ್ಷಣೆಗೆ ಕೂತಾಗ ಮಷಿನ್ ಗನ್ನುಗಳನ್ನು ಎರಡು ಬದಿಗಳಲ್ಲಿ ಇಟ್ಟು, ಗುಂಡಿನ ದಾರಿ ಮುಂದೆ ಒಂದಕ್ಕೊಂದು ಕತ್ತರಿ ಹಾಕುವಂತೆ ಮಾಡುವುದರ ಹಿಂದೆ ಇರುವುದು ಈ ಟಾರ್ಚಿನ ಲೆಕ್ಕವೇ.

ದಾಳಿಯಲ್ಲೂ ಗನ್ನನ್ನು ಪಕ್ಕಕ್ಕೆ ಇಡಲು ಇನ್ನೊಂದು ಕಾರಣವಿದೆ. ನಮ್ಮವರು ಮುಂದೆ ಹೋದಂತೆ ಅವರೇ ಗುಂಡಿನ ದಾರಿಗೆ ಅಡ್ಡ ಬರುತ್ತಾರೆ ಅಲ್ವಾ? ಗನ್ ಪಕ್ಕದಲ್ಲಿದ್ದರೆ ಕೊನೆಯ ಕೆಲವು ಹತ್ತು ಮೀಟರ್‌ವರೆಗೂ ಹೊಡೆಯುತ್ತಲೇ ಇರಬಹುದು. ಆಮೇಲೆ ಗನ್ನರ್ ಗುರಿಯನ್ನು ಆಚೆ ಪಕ್ಕಕ್ಕೆ ಸರಿಸುತ್ತಾನೆ. ಒಂದು ಕ್ಷಣ ಬೇಗ ನಿಲ್ಲಿಸಿದರೆ ಗುಂಡಿಯೊಳಗಿನ ತಲೆಗಳು ಮೇಲೇಳುತ್ತವೆ, ಒಂದು ಕ್ಷಣ ತಡವಾದರೆ ಸ್ವಂತ ಜನಕ್ಕೇ ಗುಂಡು. ಈ ಆಯುಧದ ನಿಜವಾದ ಕೌಶಲ ಇರುವುದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ, ಟ್ರಿಗರ್ ಎಳೆಯುವುದರಲ್ಲಿ ಅಲ್ಲ.

## ಎಲ್ಲರ ರೈಫಲ್ಲೂ ಈಗ ಪಟಪಟ ಹೊಡೆಯುತ್ತದಲ್ಲ?

ಒಳ್ಳೆಯ ಪ್ರಶ್ನೆ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಹೊಡೆಯುವ ರೈಫಲ್ ಇವತ್ತು ಮಾಮೂಲು. ಹಾಗಾದರೆ ಬೇರೆ ಗನ್ ಯಾಕೆ?

ಸಣ್ಣ ಲೆಕ್ಕ ಹಾಕೋಣ. ರೈಫಲ್ಲಿನ ಮ್ಯಾಗಜಿನ್‌ನಲ್ಲಿ, ಅಂದರೆ ಗುಂಡು ತುಂಬಿ ಸಿಕ್ಕಿಸುವ ಡಬ್ಬಿಯಲ್ಲಿ, ಸಾಮಾನ್ಯವಾಗಿ 30 ಗುಂಡು. ನಿಮಿಷಕ್ಕೆ 800ರ ವೇಗದಲ್ಲಿ ಹೊಡೆದರೆ ಅದು ಎರಡೂಕಾಲು ಸೆಕೆಂಡಿನಲ್ಲಿ ಖಾಲಿ. ಆಮೇಲೆ ಮ್ಯಾಗಜಿನ್ ಬದಲಿಸಬೇಕು. ಆ ಬಿಡುವಿನಲ್ಲಿ ತಲೆಗಳು ಮೇಲೇಳುತ್ತವೆ.

ಗುಂಡು ಮುಗಿಯುವುದಾದರೂ ಪರವಾಗಿಲ್ಲ, ಬಿಸಿ ಅದಕ್ಕಿಂತ ದೊಡ್ಡ ತಲೆನೋವು. ಪ್ರತಿ ಗುಂಡು ಹಾರುವಾಗಲೂ ಉರಿಯುವ ಮದ್ದಿನ ಶಾಖದಲ್ಲಿ ಒಂದು ಪಾಲು ಬ್ಯಾರಲ್‌ಗೆ ಇಳಿಯುತ್ತದೆ. ಹತ್ತು ಗುಂಡಿಗೆ ಏನೂ ಅನ್ನಿಸುವುದಿಲ್ಲ. ನೂರಾರು ಗುಂಡು ಬಿಡದೆ ಹೊಡೆದರೆ ಬ್ಯಾರಲ್ ಮುಟ್ಟಲಾಗದಷ್ಟು ಕಾಯುತ್ತದೆ. ಇನ್ನೂ ಮುಂದುವರಿದರೆ ಕೆಂಪಾಗುತ್ತದೆ. ಕಾದ ಕಬ್ಬಿಣ ಮೆತ್ತಗಾಗುತ್ತದೆ. ಒಳಗಿನ ಸುರುಳಿ ಗೆರೆಗಳು ಸವೆಯುತ್ತವೆ, ಗುಂಡು ಹೇಳಿದ ಕಡೆ ಹೋಗುವುದಿಲ್ಲ. ಇನ್ನೂ ಅಪಾಯದ್ದೆಂದರೆ, ಕಾದ ಬ್ಯಾರಲ್ಲಿನ ಬುಡದಲ್ಲಿ ಒಂದು ಗುಂಡು ಕೂತಿದ್ದರೆ ಅದರ ಮದ್ದು ತಾನಾಗಿಯೇ ಹತ್ತಿಕೊಂಡು, ಯಾರೂ ಟ್ರಿಗರ್ ಮುಟ್ಟದೆಯೇ ಹಾರಿಬಿಡಬಹುದು.

ಎಲ್‌ಎಂಜಿಯ ರಚನೆಯಲ್ಲಿ ಬಹುಪಾಲು ಈ ಬಿಸಿಯ ಜೊತೆಗಿನ ಗುದ್ದಾಟವೇ. ಬ್ಯಾರಲ್ ದಪ್ಪ, ಹಾಗಾಗಿ ಕಾಯಲು ಹೆಚ್ಚು ಹೊತ್ತು ಬೇಕು. ಬಹುತೇಕ ಎಲ್‌ಎಂಜಿಗಳು 'ತೆರೆದ ಬೋಲ್ಟ್' ಪದ್ಧತಿಯವು. ಅಂದರೆ ಟ್ರಿಗರ್ ಬಿಟ್ಟಾಗ ಗುಂಡನ್ನು ಒಳಗೆ ತಳ್ಳುವ ಭಾಗ ಹಿಂದೆಯೇ ನಿಲ್ಲುತ್ತದೆ. ಕಾದ ಬ್ಯಾರಲ್ಲಿನಲ್ಲಿ ಗುಂಡು ಕೂತಿರುವುದಿಲ್ಲ, ಗಾಳಿಯೂ ಆಡುತ್ತದೆ. ಮೂರನೆಯದು ಬದಲಿ ಬ್ಯಾರಲ್. ಒಂದು ಹಿಡಿ ತಿರುಗಿಸಿ, ಕಾದದ್ದನ್ನು ತೆಗೆದು ತಣ್ಣಗಿನದನ್ನು ಹಾಕಿದರೆ ಆಯಿತು. ಪಳಗಿದ ಕೈಗೆ ಕೆಲವೇ ಸೆಕೆಂಡಿನ ಕೆಲಸ.

ಅಷ್ಟೆಲ್ಲ ಇದ್ದರೂ ಮಿತಿ ಇದ್ದೇ ಇದೆ. ಅಮೆರಿಕದ ಎಂ249 ಅನ್ನುವ ಎಲ್‌ಎಂಜಿ ನಿಮಿಷಕ್ಕೆ ಸುಮಾರು 800 ಗುಂಡಿನ ವೇಗದ್ದು. ಆದರೆ ಬಹಳ ಹೊತ್ತು ಹೊಡೆಯಬೇಕಾದಾಗ ನಿಮಿಷಕ್ಕೆ 100ರ ಆಸುಪಾಸಿಗೆ ಇಳಿಸಬೇಕು. ಪತ್ರಿಕೆಯಲ್ಲಿ 'ನಿಮಿಷಕ್ಕೆ ಸಾವಿರ ಗುಂಡು' ಅಂತ ಓದಿದರೆ ಅದು ಯಂತ್ರ ಓಡುವ ವೇಗ ಅಂತ ತಿಳಿಯಿರಿ. ಗನ್ನರ್ ಆ ವೇಗದಲ್ಲಿ ಒಂದು ನಿಮಿಷ ಪೂರ್ತಿ ಹೊಡೆಯುವುದು ಬಹಳ ಅಪರೂಪ.

ಇನ್ನು ಬೈಪಾಡ್, ಅಂದರೆ ಬ್ಯಾರಲ್ಲಿನ ಕೆಳಗೆ ಮಡಚುವ ಎರಡು ಕಾಲು. ಭುಜ ಮತ್ತು ಆ ಎರಡು ಕಾಲು ಸೇರಿ ಗನ್ ಮೂರು ಕಡೆ ಊರಿಕೊಳ್ಳುತ್ತದೆ. ಸಾಮಾನ್ಯ ರೈಫಲ್ಲಿನಿಂದ 300 ಮೀಟರ್ ಆಚೆ ಕೆಲಸ ಕಷ್ಟ. ಎಲ್‌ಎಂಜಿ 600–800 ಮೀಟರ್ ದೂರದ ಒಂದು ಜಾಗವನ್ನೂ ಅದುಮಿಡಬಲ್ಲದು.

## 'ಲೈಟ್' ಅಂದರೆ ಎಷ್ಟು ಹಗುರ?

ಅಷ್ಟೇನೂ ಹಗುರ ಅಲ್ಲ. ಮೂರೂವರೆ ನಾಲ್ಕು ಕಿಲೋ ರೈಫಲ್ ಮುಂದೆ 7ರಿಂದ 10 ಕಿಲೋ ತೂಗುತ್ತದೆ. ಒಬ್ಬನೇ ಹೊತ್ತು, ಒಬ್ಬನೇ ಹೊಡೆಯಬಹುದು ಅನ್ನುವ ಅರ್ಥದಲ್ಲಿ ಅದು ಲೈಟ್. ರೈಫಲ್ ಗಾತ್ರದ ಗುಂಡನ್ನೇ ಹೊಡೆಯುವ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ ಎರಡು ಮೂರು ಜನ ನಡೆಸುವಂಥದ್ದು ಮೀಡಿಯಂ. 12.7 ಮಿಲಿಮೀಟರ್ ದಪ್ಪದಂಥ ದೊಡ್ಡ ಗುಂಡಿನದು ಹೆವಿ, ಅದು ಹೆಚ್ಚಾಗಿ ವಾಹನದ ಮೇಲಿರುತ್ತದೆ. ಒಂದೇ ಗನ್ ಬೈಪಾಡಿನ ಮೇಲೆ ಲೈಟ್ ಆಗಿ, ಸ್ಟ್ಯಾಂಡಿನ ಮೇಲೆ ಮೀಡಿಯಂ ಆಗಿ ದುಡಿಯುವುದೂ ಉಂಟು. ಬೆಲ್ಜಿಯಂನ ಎಫ್ಎನ್ ಮ್ಯಾಗ್, ರಷ್ಯಾದ ಪಿಕೆಎಂ ಈ ಜಾತಿಯವು. ಸುದ್ದಿಯಲ್ಲಿ ಇವನ್ನೂ ಎಲ್‌ಎಂಜಿ ಎಂದೇ ಬರೆದುಬಿಡುತ್ತಾರೆ. ಬೈಪಾಡಿನ ಮೇಲಿದ್ದರೆ ಅದು ಪೂರ್ತಿ ತಪ್ಪೂ ಅಲ್ಲ.

ಗನ್ನಿಗಿಂತ ಗುಂಡಿನ ತೂಕವೇ ಬೆನ್ನು ಮುರಿಯುವುದು. 5.56 ಮಿಲಿಮೀಟರ್‌ನ ಒಂದು ತೋಟಾ ಸುಮಾರು 12 ಗ್ರಾಂ, 7.62 ಮಿಲಿಮೀಟರ್‌ನದು ಹತ್ತಿರ ಹತ್ತಿರ 24 ಗ್ರಾಂ. ಇದು ನೇಟೋ ದೇಶಗಳ ಅಳತೆಯ ಲೆಕ್ಕ. 200 ಗುಂಡಿನ ಬೆಲ್ಟ್, ಅಂದರೆ ಗುಂಡುಗಳನ್ನು ಸಾಲಾಗಿ ಕೋದ ಪಟ್ಟಿ, ಇರುವ 5.56ರ ಪೆಟ್ಟಿಗೆ 3 ಕಿಲೋ ದಾಟುತ್ತದೆ. ಅಂಥ ಮೂರು ಪೆಟ್ಟಿಗೆ ಹೊತ್ತರೆ ಗುಂಡಿನದೇ 9 ಕಿಲೋ. 7.62 ಆದರೆ ಅದರ ಎರಡು ಪಟ್ಟು.

ಹಾಗಾಗಿಯೇ ಗನ್ನರ್ ಒಬ್ಬನೇ ಇರುವುದು ಕಡಿಮೆ. ಬ್ರಿಟಿಷ್ ಪದ್ಧತಿಯಲ್ಲಿ ಗನ್ನರ್ ನಂಬರ್ ಒನ್, ಪಕ್ಕದಲ್ಲಿ ಮಲಗುವವನು ನಂಬರ್ ಟೂ. ಮ್ಯಾಗಜಿನ್ ಬದಲಿಸುವವನು, ಬದಲಿ ಬ್ಯಾರಲ್ ಹೊರುವವನು, ಗುಂಡು ಎಲ್ಲಿ ಬೀಳುತ್ತಿದೆ ಅಂತ ನೋಡಿ ಹೇಳುವವನು ಅವನೇ. ನಂಬರ್ ಒನ್‌ಗೆ ಗುಂಡು ಬಿದ್ದರೆ ಗನ್ ಹಿಡಿಯುವವನೂ ಅವನೇ. ಅದು ಸುಮ್ನೆ ಹೇಳುವ ಮಾತಲ್ಲ, ಏಕೆಂದರೆ ಎದುರಿನವರು ಮೊದಲು ಹುಡುಕುವುದು ಮಷಿನ್ ಗನ್ನನ್ನೇ. ಸದ್ದು, ಬೆಂಕಿ, ಏಳುವ ಧೂಳು ಎಲ್ಲವೂ ಅದರ ಜಾಗ ತೋರಿಸಿಕೊಡುತ್ತವೆ. ಒಂದೇ ಕಡೆ ಬಹಳ ಹೊತ್ತು ಇದ್ದರೆ ಉಳಿಗಾಲವಿಲ್ಲ.

ಉಳಿದವರೂ ಪಾಲು ಹೊರುತ್ತಾರೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಸೈನಿಕನ ಎದೆಯ ಎರಡು ದೊಡ್ಡ ಚೀಲಗಳನ್ನು ಹೊಲಿದದ್ದೇ ಬ್ರೆನ್ ಅನ್ನುವ ಎಲ್‌ಎಂಜಿಯ ಮ್ಯಾಗಜಿನ್ ಹಿಡಿಸುವ ಅಳತೆಗೆ. ಅವನ ಕೈಯಲ್ಲಿದ್ದದ್ದು ಸಾದಾ ರೈಫಲ್. ಆದರೂ ಚೀಲ ಮಾತ್ರ ಪಕ್ಕದವನ ಗನ್ನಿಗೆ.

## ಇದು ಹುಟ್ಟಿದ್ದು ಹೇಗೆ

1884ರಲ್ಲಿ ಹೈರಮ್ ಮ್ಯಾಕ್ಸಿಮ್ ಮಾಡಿದ ಮಷಿನ್ ಗನ್ ತನ್ನ ಹಿಮ್ಮೆಟ್ಟುವ ಬಲದಿಂದಲೇ ಮುಂದಿನ ಗುಂಡು ತುಂಬಿಕೊಳ್ಳುತ್ತಿತ್ತು. ಬ್ಯಾರಲ್ ತಣಿಸಲು ಸುತ್ತ ನೀರಿನ ಕೊಳವೆ. ಹೊರಲು ಹಲವರು ಬೇಕು. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಬ್ರಿಟಿಷ್ ಬೆಟಾಲಿಯನ್ ಒಂದಕ್ಕೆ, ಅಂದರೆ ಸುಮಾರು ಸಾವಿರ ಜನಕ್ಕೆ, ಇದ್ದದ್ದು ಎರಡೇ ಮಷಿನ್ ಗನ್. ಕಂದಕದಲ್ಲಿ ಕೂತು ಕಾಯುವವರಿಗೆ ಅವು ವರವಾದವು. ಕಂದಕ ಬಿಟ್ಟು ಮುಂದೆ ಓಡುವವರಿಗೆ ಮಾತ್ರ ಜೊತೆಗೆ ಏನೂ ಇರಲಿಲ್ಲ. ನೀರು ತುಂಬಿದ ಗನ್ನನ್ನು ಹೊತ್ತು ಮುಳ್ಳುತಂತಿ ದಾಟುವುದು ಹೇಗೆ?

ಹೊತ್ತು ಓಡಬಲ್ಲ ಮಷಿನ್ ಗನ್ ಮೊದಲೇ ಇತ್ತು. ಡೆನ್ಮಾರ್ಕಿನ ಮ್ಯಾಡ್ಸನ್ 1902ರಷ್ಟು ಹಳೆಯದು. ಆದರೆ ಅದು ಎಷ್ಟು ಬೇಕು ಅನ್ನುವುದು ಗೊತ್ತಾದದ್ದು ಈ ಯುದ್ಧದಲ್ಲಿ. ಅಮೆರಿಕದ ಐಸಾಕ್ ನ್ಯೂಟನ್ ಲೂಯಿಸ್ ಅನ್ನುವ ಅಧಿಕಾರಿಯ ಹೆಸರಿನ ಲೂಯಿಸ್ ಗನ್ ಸುಮಾರು 12–13 ಕಿಲೋ, ಮೇಲೆ ತಟ್ಟೆಯಂಥ 47 ಗುಂಡಿನ ಮ್ಯಾಗಜಿನ್. ಸ್ವಂತ ದೇಶದ ಸೇನೆ ಬೇಡವೆಂದಿತು, ಬ್ರಿಟಿಷರು ಅಪ್ಪಿಕೊಂಡರು. ಫ್ರೆಂಚರು 9 ಕಿಲೋದ ಶೋಶಾ ತಂದರು. ಅದರ ಮ್ಯಾಗಜಿನ್ನಿನ ಒಂದು ಪಕ್ಕ ತೆರೆದಿತ್ತು, ಒಳಗೆ ಎಷ್ಟು ಗುಂಡಿದೆ ಅಂತ ಕಾಣಲಿ ಅಂತ. ಕೆಸರು ತುಂಬಿದ ಕಂದಕದಲ್ಲಿ ತೆರೆದ ಮ್ಯಾಗಜಿನ್! ಪದೇ ಪದೇ ಸಿಕ್ಕಿಕೊಳ್ಳುವ ಗನ್ ಅನ್ನುವ ಕೆಟ್ಟ ಹೆಸರು ಇವತ್ತಿಗೂ ಹೋಗಿಲ್ಲ. ಆದರೂ ಎರಡೂವರೆ ಲಕ್ಷಕ್ಕಿಂತ ಹೆಚ್ಚು ತಯಾರಾದವು, ಅಷ್ಟು ಅಗತ್ಯವಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಎರಡು ಯೋಚನೆಗಳು ಎದುರುಬದುರಾದವು. ಬ್ರಿಟಿಷರ ಕೈಯಲ್ಲಿ ಬ್ರೆನ್. ಜೆಕೊಸ್ಲೊವಾಕಿಯಾದ ಗನ್ನೊಂದರ ಮೇಲೆ ಕಟ್ಟಿದ್ದು. ಇಂಗ್ಲಿಷ್‌ನಲ್ಲಿ ಬರೆದಾಗ ಅಲ್ಲಿನ ಬ್ರನೊ ಊರಿನ ಮೊದಲ ಎರಡು ಅಕ್ಷರ, ಬ್ರಿಟನ್ನಿನ ಎನ್‌ಫೀಲ್ಡ್ ಊರಿನ ಮೊದಲ ಎರಡು ಅಕ್ಷರ ಸೇರಿ ಆ ಹೆಸರು. ಮೇಲಿನಿಂದ ಸಿಕ್ಕಿಸುವ 30 ಗುಂಡಿನ ಬಾಗಿದ ಮ್ಯಾಗಜಿನ್, ನಿಮಿಷಕ್ಕೆ 500ರಷ್ಟು ನಿಧಾನ, ಒಳ್ಳೆಯ ಗುರಿ. 10 ಜನರಲ್ಲಿ 3 ಜನ ಬ್ರೆನ್ ಗುಂಪು, 7 ಜನ ರೈಫಲ್ ಗುಂಪು. ಬ್ರೆನ್ ಇದ್ದದ್ದು ರೈಫಲ್ಲಿನವರು ಮುಂದೆ ಹೋಗಲಿ ಅಂತ.

ಜರ್ಮನರದು ಉಲ್ಟಾ. ಅವರ ಎಂಜಿ42 ಬೆಲ್ಟಿನಿಂದ ನುಂಗುತ್ತಿತ್ತು, ನಿಮಿಷಕ್ಕೆ 1,200ರವರೆಗೆ. ಅಂದರೆ ಸೆಕೆಂಡಿಗೆ 20. ಕಿವಿಗೆ ಒಂದೊಂದು ಗುಂಡಿನ ಸದ್ದು ಬೇರೆ ಬೇರೆಯಾಗಿ ಕೇಳುವುದಿಲ್ಲ, ಬಟ್ಟೆ ಹರಿದಂತೆ ಕೇಳುತ್ತದೆ. ಅವರ ಗುಂಪಿನಲ್ಲಿ ಮಷಿನ್ ಗನ್ನೇ ಯಜಮಾನ. ಉಳಿದವರು ಅದಕ್ಕೆ ಗುಂಡು ಹೊರುವವರು, ಅದನ್ನು ಕಾಯುವವರು.

ಯಾವುದು ಸರಿ? ಎರಡಕ್ಕೂ ಬೆಲೆ ತೆರಬೇಕಾಯಿತು. ಬ್ರೆನ್‌ನಲ್ಲಿ ಮ್ಯಾಗಜಿನ್ ಬದಲಿಸುವ ಬಿಡುವು ಹೆಚ್ಚು. ಎಂಜಿ42ಕ್ಕೆ 250 ಗುಂಡು ಕೊಟ್ಟರೆ ಹನ್ನೆರಡೂವರೆ ಸೆಕೆಂಡಿಗೆ ಮುಗಿಸಬಲ್ಲದು, ಹೊರುವವರು ಎಲ್ಲಿಂದ ತರಬೇಕು?

## ಜಗಳ ಇನ್ನೂ ಮುಗಿದಿಲ್ಲ

ಈಗಿನ ಸೇನೆಗಳೂ ಅದೇ ಜಗಳವನ್ನು ಹೊಸ ಹೆಸರಿನಲ್ಲಿ ಆಡುತ್ತಿವೆ. ಹೆಚ್ಚು ಗುಂಡು ಬೇಕೋ, ಹೆಚ್ಚು ದೂರ ಬೇಕೋ, ಹಗುರ ಬೇಕೋ? ಮೂರೂ ಒಟ್ಟಿಗೆ ಸಿಗುವುದಿಲ್ಲ.

ಬೆಲ್ಜಿಯಂನ ಮಿನಿಮಿ ಅನ್ನುವ 5.56 ಗನ್ ಬೆಲ್ಟ್‌ನಿಂದ ಹೊಡೆಯುತ್ತದೆ. ಅಮೆರಿಕ ಅದನ್ನೇ ಎಂ249 ಹೆಸರಿನಲ್ಲಿ 1980ರ ದಶಕದಲ್ಲಿ ತೆಗೆದುಕೊಂಡಿತು. 9 ಜನರಲ್ಲಿ ಇಬ್ಬರ ಕೈಗೆ ಒಂದೊಂದು. ಸೋವಿಯತ್ ಒಕ್ಕೂಟ ಬೇರೆ ದಾರಿ ಹಿಡಿದು ಎಕೆ ರೈಫಲ್ಲಿಗೇ ಉದ್ದ ದಪ್ಪ ಬ್ಯಾರಲ್, ಬೈಪಾಡ್ ಹಾಕಿ ಆರ್‌ಪಿಕೆ ಮಾಡಿತು. ಬ್ಯಾರಲ್ ಬದಲಿಸಲಾಗದು, ಹೆಚ್ಚು ಹೊತ್ತು ಹೊಡೆಯಲಾಗದು. ಆದರೆ ಪಕ್ಕದವನ ಎಕೆ ಮ್ಯಾಗಜಿನ್ನನ್ನು ಇಸಿದುಕೊಂಡು ಹಾಕಬಹುದು. ಇಕ್ಕಟ್ಟಿನಲ್ಲಿ ಅದು ಸಣ್ಣ ಅನುಕೂಲವಲ್ಲ.

5.56 ದೂರಕ್ಕೂ ಗೋಡೆಗೂ ಸಾಲದು ಅನ್ನುವವರು ದೊಡ್ಡ ಗುಂಡಿಗೆ ಮರಳುತ್ತಿದ್ದಾರೆ. ಭಾರತ 2020ರ ಮಾರ್ಚ್‌ನಲ್ಲಿ ಇಸ್ರೇಲಿನಿಂದ 16,479 ನೆಗೆವ್ ಎಲ್‌ಎಂಜಿಗಳಿಗೆ ಒಪ್ಪಂದ ಮಾಡಿಕೊಂಡದ್ದು 7.62ರ ಮಾದರಿಗೆ. ಅಮೆರಿಕದ ಭೂಸೇನೆ 2022ರಲ್ಲಿ ಎಂ249ರ ಜಾಗಕ್ಕೆ 6.8 ಮಿಲಿಮೀಟರ್‌ನ ಹೊಸ ಗನ್ ಆರಿಸಿತು.

ಅದೇ ದೇಶದ ಮರೀನ್ ಪಡೆ ಮಾತ್ರ ಪೂರ್ತಿ ಬೇರೆ ಕಡೆ ತಿರುಗಿತು. ಸ್ಕ್ವಾಡ್‌ನಲ್ಲಿದ್ದ ಎಂ249 ತೆಗೆದು ಎಂ27 ಕೊಟ್ಟಿತು. ಅದು 30 ಗುಂಡಿನ ಮ್ಯಾಗಜಿನ್ನಿನ, ನಾಲ್ಕು ಕಿಲೋಗಿಂತ ಹಗುರವಾದ, ಗಟ್ಟಿ ಬ್ಯಾರಲ್ಲಿನ ಒಂದು ರೈಫಲ್ ಅಷ್ಟೇ. ಅವರ ವಾದ ಸರಳ: ನೂರು ಗುಂಡು ಹತ್ತಿರ ಎಲ್ಲೋ ಬೀಳುವುದಕ್ಕಿಂತ ಹತ್ತು ಗುಂಡು ಕಿಟಕಿಯ ಚೌಕಟ್ಟಿಗೇ ಬಿದ್ದರೆ ಒಳಗಿನವನು ಬೇಗ ತಲೆ ತಗ್ಗಿಸುತ್ತಾನೆ. ಮೇಲಾಗಿ ಗನ್ನರ್ ದೂರದಿಂದ ಎಲ್ಲರಂತೆಯೇ ಕಾಣುತ್ತಾನೆ, ಅವನನ್ನು ಆರಿಸಿ ಹೊಡೆಯಲು ಆಗುವುದಿಲ್ಲ. ಕೊನೆಗೆ ಕಾಲಾಳು ರೈಫಲ್ಲಿಗರಿಗೆಲ್ಲ ಅದನ್ನೇ ಕೊಡುವ ತೀರ್ಮಾನವಾಯಿತು. ಹಳೆಯ ಎಂ249ಗಳನ್ನು ಪೂರ್ತಿ ಬಿಸಾಡಲಿಲ್ಲ. ಕೆಲವನ್ನು ಕಂಪನಿಯ ಬಳಿ ಇಟ್ಟುಕೊಂಡರು, ಕಮಾಂಡರ್ ಬೇಕೆಂದಾಗ ಹೊರಗೆ ತೆಗೆಯಲು.